ಮೆತ್ತಗಿನ ಶೂ ತೆಗೆದುಕೊಂಡ ಮೇಲೆ ಹಿಮ್ಮಡಿ ನೋವು ಇನ್ನೂ ಜಾಸ್ತಿ. ನಿಂತು ಪಾಠ ಮಾಡುವವರಿಗೆ ಎಂಥ ಜೋಡು ಆಗಬಹುದು?

ಕರಿಹಲಗೆ

ನಮಸ್ಕಾರ ಎಲ್ಲರಿಗೂ. ನಾನು ಬದಿಯಡ್ಕ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ವಯಸ್ಸು 47. ದಿನಕ್ಕೆ ಐದು ಪೀರಿಯಡ್, ಐದೂ ನಿಂತುಕೊಂಡೇ. ಜನವರಿಯಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮುಳ್ಳು ತುಳಿದ ಹಾಗೆ ಆಗುತ್ತದೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ಸಡಿಲ, ಮತ್ತೆ ಮೂರನೇ ಪೀರಿಯಡ್ ಹೊತ್ತಿಗೆ ಶುರು. ಡಾಕ್ಟರು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು ಎಂದರು, ಗುಳಿಗೆ ಬರೆದರು, ಒಳ್ಳೆ ಮೆತ್ತಗಿನ ಶೂ ಹಾಕಿ ಎಂದರು. ಯಾವ ಶೂ ಎಂದು ಕೇಳುವ ಮೊದಲೇ ಮುಂದಿನ ಟೋಕನ್ ಕರೆದಾಯಿತು.

ಏಪ್ರಿಲ್-ಮೇ ರಜೆಯಲ್ಲಿ ಕಡಿಮೆ ಆದೀತು ಅಂದುಕೊಂಡಿದ್ದೆ. ಆಗಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಮಂಗಳೂರಿಗೆ ಹೋಗಿ 2800 ರೂಪಾಯಿ ಕೊಟ್ಟು ಮೆಮೊರಿ ಫೋಮ್ ಇರುವ ಶೂ ತಂದೆ. ಅಂಗಡಿಯಲ್ಲಿ ಹಾಕಿ ನೋಡಿದರೆ ಬೂರುಗದ ಹತ್ತಿಯ ದಿಂಬಿನ ಮೇಲೆ ನಿಂತ ಹಾಗೆ! ಎರಡು ವಾರ ಚೆನ್ನಾಗಿತ್ತು, ಆಮೇಲೆ ನೋವು ಮೊದಲಿಗಿಂತ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ ಒಂದು ಸಿಲಿಕಾನ್ ಹೀಲ್ ಪ್ಯಾಡ್ ತೆಗೆದುಕೊಂಡು ಬಲಗಾಲಿನ ಶೂ ಒಳಗೆ ಇಟ್ಟೆ. ಈಗ ಎಡಗಡೆ ಸೊಂಟವೂ ಹಿಡಿದುಕೊಂಡಿದೆ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ್ದಕ್ಕೆ ಐದನೇ ಕ್ಲಾಸಿನ ಮಕ್ಕಳು ನಗುವುದು ಬೇರೆ.

ದುಡ್ಡು ದಂಡ ಆಯಿತು, ಅದು ಹೋಗಲಿ. ಇನ್ನು ಎಂಥದ್ದು ತೆಗೆದುಕೊಳ್ಳಲಿ? ಒಂಬತ್ತು ವರ್ಷದಿಂದ ಶುಗರ್ ಉಂಟು, ಮಾತ್ರೆಯಲ್ಲಿ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ.

ಅಂಗಡಿಬಾಗಿಲು

ಟೀಚರೇ, ನಾನು ಹನ್ನೊಂದು ವರ್ಷ ಕಾಸರಗೋಡಿನಲ್ಲಿ ಚಪ್ಪಲಿ ಅಂಗಡಿಯಲ್ಲಿದ್ದವ. ನೀವು ಹೇಳಿದ್ದು ಕೇಳಿದರೆ ಮೆತ್ತಗೇ ನಿಮ್ಮ ಸಮಸ್ಯೆ ಅಂತ ಅನ್ನಿಸುತ್ತದೆ. ಅಂಗಡಿಯಲ್ಲಿ ಹಾಕಿ ಎರಡು ನಿಮಿಷ ನಿಂತಾಗ ಸುಖ ಕೊಡುವ ಫೋಮು ದಿನಕ್ಕೆ ಐದು ಗಂಟೆ ತೂಕ ಬಿದ್ದರೆ ಒಂದೇ ಜಾಗದಲ್ಲಿ ಕುಗ್ಗುತ್ತದೆ, ಪೂರ್ತಿ ಮೇಲೆ ಬರುವುದಿಲ್ಲ. ಆಮೇಲೆ ನೀವು ನಿಂತಿರುವುದು ಫೋಮಿನ ಮೇಲಲ್ಲ, ಅದರ ಕೆಳಗಿನ ತೆಳು ಸೋಲಿನ ಮೇಲೆ.

ಶೂ ಕೈಯಲ್ಲಿ ಹಿಡಿದು ಮೂರು ಸಲ ನೋಡಿ. ಹಿಮ್ಮಡಿಯ ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಸುಲಭಕ್ಕೆ ಒಳಗೆ ಹೋಗಬಾರದು. ಎರಡೂ ತುದಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ, ಪೂರ್ತಿ ತಿರುಚಿಕೊಂಡರೆ ಬೇಡ. ಆಮೇಲೆ ಮುಂದಿನಿಂದ ಮಡಚಿ: ಬೆರಳ ಬುಡದಲ್ಲಿ ಮಡಚಬೇಕು. ನಡುವಿನಲ್ಲಿ, ಕಮಾನಿನ ಜಾಗದಲ್ಲಿ ಪುಸ್ತಕದ ಹಾಗೆ ಮಡಚಿದರೆ ಅಲ್ಲಿಯೇ ಇಟ್ಟು ಬನ್ನಿ, ಬೆಲೆ ಎಷ್ಟೇ ಇರಲಿ, ಯಾವ ಕಂಪನಿಯದ್ದೇ ಇರಲಿ. ನಿಮ್ಮ ಶೂ ಇದರಲ್ಲಿ ಎಷ್ಟು ಪಾಸಾಗುತ್ತದೆ ನೋಡಿ ಹೇಳಿ.

ಕರಿಹಲಗೆ

ಈಗಲೇ ನೋಡಿದೆ. ಹಿಂದಿನ ಗೋಡೆ ಬಟ್ಟೆಯಂತೆ ಒಳಗೆ ಹೋಯಿತು. ತಿರುಚಿದರೆ ಒದ್ದೆ ತೋರ್ತು ಹಿಂಡಿದ ಹಾಗೆ. ನಡುವಿನಲ್ಲಿ ಮಡಚಿತು. ಮೂರಕ್ಕೆ ಸೊನ್ನೆ.

ಪಾದಸೇವೆ

ನಾನು ಫಿಸಿಯೋಥೆರಪಿಸ್ಟ್, ಊರು ಮಂಜೇಶ್ವರ, ಕೆಲಸ ಮಂಗಳೂರಿನಲ್ಲಿ. ಮೇಲಿನವರು ಹೇಳಿದ್ದು ಸರಿ, ಕಾರಣ ಸೇರಿಸುತ್ತೇನೆ. ಹಿಮ್ಮಡಿ ಎಲುಬಿನಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಅದು ಕಮಾನನ್ನು ಹಿಡಿದುಕೊಂಡಿರುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ ಆ ಪಟ್ಟಿ ಸಡಿಲವಾಗಿ ಇರುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆತ. ಆ ಮುಳ್ಳಿನ ನೋವು ಅದೇ. ಬರೀ ಮೆತ್ತಗಿನ ಶೂನಲ್ಲಿ ಪಾದ ಒಳಮಗ್ಗುಲಿಗೆ ವಾಲಿ ಕಮಾನು ಕುಸಿಯುತ್ತದೆ, ಕುಸಿದಷ್ಟೂ ಪಟ್ಟಿಗೆ ಎಳೆತ. ಹಾಗಾಗಿ ನಿಮಗೆ ಬೇಕಾದ್ದು ಕೆಳಗೆ ಗಟ್ಟಿ, ಮೇಲೆ ಸ್ವಲ್ಪ ಮೆತ್ತಗೆ, ಕಮಾನಿಗೆ ಆಧಾರ, ಮುಂಗಾಲಿಗಿಂತ ಹಿಮ್ಮಡಿ ಒಂಚೂರು ಎತ್ತರ.

ಹೀಲ್ ಪ್ಯಾಡ್ ಬಲಗಾಲಿಗೆ ಮಾತ್ರ ಇಟ್ಟಿರಲ್ಲ, ಅದು ತಪ್ಪಾಯಿತು. ಒಂದು ಕಾಲು ಎತ್ತರ, ಇನ್ನೊಂದು ತಗ್ಗು. ಐದು ಗಂಟೆ ಹಾಗೆ ನಿಂತರೆ ಸೊಂಟ ಹಿಡಿದರೆ ಆಶ್ಚರ್ಯ ಇಲ್ಲ. ಇಡುವುದಾದರೆ ನೋವಿಲ್ಲದ ಕಾಲಿಗೂ ಇಡಬೇಕು. ಒಳಗಿನ ಇನ್‌ಸೋಲ್ ಮೇಲೆಯೇ ಇನ್ನೊಂದು ಪೂರ್ತಿ ಇನ್‌ಸೋಲ್ ಹೇರಬೇಡಿ, ಹಳೆಯದನ್ನು ತೆಗೆದು ಆ ಜಾಗಕ್ಕೆ ಹೊಸದು ಹಾಕಿ. ಇಲ್ಲದಿದ್ದರೆ ಪಾದ ಮೇಲೆ ಬಂದು ಹಿಮ್ಮಡಿ ಗೋಡೆಯಿಂದ ಹೊರಗೆ ಜಾರುತ್ತದೆ, ಮುಂದೆ ಬೆರಳು ಒತ್ತುತ್ತದೆ.

ಆದರೆ ನಿಮ್ಮ ಪೋಸ್ಟಿನಲ್ಲಿ ನನಗೆ ಹೆದರಿಕೆ ತಂದದ್ದು ಕೊನೆಯ ಸಾಲು. ಒಂಬತ್ತು ವರ್ಷ ಶುಗರ್ ಇರುವವರು ಹೊಸ ಶೂ ತೆಗೆದುಕೊಳ್ಳುವ ಮೊದಲು ಪಾದದ ಸ್ಪರ್ಶ ನೋಡಿಸಬೇಕು. ಸ್ಪರ್ಶ ಕಡಿಮೆ ಆಗಿದ್ದರೆ ಶೂ ಕಚ್ಚಿದ್ದು ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಹುಣ್ಣು ಆಗಿರುತ್ತದೆ. ಆಸ್ಪತ್ರೆಯಲ್ಲಿ 10 ಗ್ರಾಂ ಮೋನೋಫಿಲಮೆಂಟ್ ಎನ್ನುವ ನೈಲಾನ್ ಎಳೆಯಿಂದ ನೋಡುತ್ತಾರೆ. ಮನೆಯಲ್ಲಿ ಮಾಡುವ ಒಂದು ಸುಲಭ ಪರೀಕ್ಷೆಯೂ ಇದೆ, ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ. ನೀವು ಕಣ್ಣು ಮುಚ್ಚಿ ಮಲಗಿ. ಮನೆಯವರು ಯಾರಾದರೂ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಒಟ್ಟು ಆರು ಕಡೆಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಶೂ ವಿಷಯ ಬದಿಗಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಕರಿಹಲಗೆ

ಮಗ ಮುಟ್ಟಿ ನೋಡಿದ. ಐದು ಕಡೆ ಗೊತ್ತಾಯಿತು, ಎಡಗಾಲಿನ ಕಿರುಬೆರಳು ಗೊತ್ತಾಗಲಿಲ್ಲ. ಅವ ಮುಟ್ಟಿಯೇ ಇಲ್ಲ ಅಂತ ನಾನು ಜಗಳ ಮಾಡಿದೆ, ಮುಟ್ಟಿದ್ದನಂತೆ. ಸ್ವಲ್ಪ ಎದೆ ಧಸಕ್ಕೆಂದಿತು. ಮುಂದಿನ ವಾರ ಶುಗರ್ ತೋರಿಸಲಿಕ್ಕೆ ಹೋಗುವಾಗ ಪಾದವನ್ನೂ ತೋರಿಸುತ್ತೇನೆ.

ಪಾದಸೇವೆ

ತೋರಿಸಿ. ಒಂದೇ ಕಡೆ ಆದರೆ ಗಾಬರಿ ಬೇಡ, ಬಿಡಲೂ ಬೇಡ. ಇವತ್ತಿನಿಂದಲೇ ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡುವ ಅಭ್ಯಾಸ ಮಾಡಿ, ಕಲ್ಲು, ಎದ್ದ ಹೊಲಿಗೆ, ಮಳೆಗಾಲದಲ್ಲಿ ಚೇರಂಟೆಯಂಥ ಹುಳ ಎಲ್ಲ ಇರುತ್ತದೆ. ರಾತ್ರಿ ಅಂಗಾಲು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ನೆಲದಲ್ಲಿ ಕನ್ನಡಿ ಇಟ್ಟು.

ಸೌಟು

ನಡುವೆ ಬಾಯಿ ಹಾಕುತ್ತೇನೆ. ನಾನು ಉಪ್ಪಳದ ಹತ್ತಿರ ಅಡಿಗೆ ಕೆಲಸದವ, ಮದುವೆ ಮುಂಜಿ ಎಂದು ಬೆಳಿಗ್ಗೆ ಮೂರಕ್ಕೇ ನಿಂತರೆ ಮಧ್ಯಾಹ್ನದವರೆಗೆ ನಿಂತೇ. ನನ್ನದು ಹಿಮ್ಮಡಿ ಅಲ್ಲ, ಮೊಣಕಾಲಿನ ಕೆಳಗೆ ನರ ಉಬ್ಬಿ ಕಾಲು ಬಾತುಕೊಳ್ಳುತ್ತದೆ. ನನಗೂ ಇದೇ ಶೂ ಆದೀತಾ? ಅಂದಹಾಗೆ ಟೀಚರೇ, ರಜೆಯಲ್ಲಿ ಯಾಕೆ ಕಡಿಮೆ ಆಗಲಿಲ್ಲ? ಪಾಠ ಇಲ್ಲ, ನಿಲ್ಲುವುದೂ ಇಲ್ಲ ಅಲ್ವಾ?

ಪಾದಸೇವೆ

ಅಣ್ಣ, ನಿಮ್ಮದು ವೆರಿಕೋಸ್ ವೇನ್ ಇರಬಹುದು, ಅದಕ್ಕೆ ಶೂ ಮದ್ದಲ್ಲ. ಡಾಕ್ಟರು ನೋಡಿ ಹೇಳಿದರೆ ಕಂಪ್ರೆಶನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಹಿಡಿಯುವ ಉದ್ದ ಕಾಲುಚೀಲ ಹಾಕಬೇಕು, ಬೆಳಿಗ್ಗೆ ಕಾಲು ಬಾತುಕೊಳ್ಳುವ ಮೊದಲೇ. ಶುಗರ್ ಇರುವವರು ಕಾಲಿನ ರಕ್ತ ಓಡಾಟ ನೋಡಿಸದೆ ಅದನ್ನು ಹಾಕಬಾರದು. ಶೂ ಮಾತ್ರ ಬಾತ ಕಾಲಿಗೆ ಹಿಡಿಸುವ ಹಾಗೆ ಲೇಸ್ ಅಥವಾ ವೆಲ್ಕ್ರೋ ಇರುವುದು ತೆಗೆದುಕೊಳ್ಳಿ. ನೀವು ಕೇಳಿದ ಪ್ರಶ್ನೆ ಒಳ್ಳೆಯದು, ನಾನೂ ಅದನ್ನೇ ಕೇಳಬೇಕೆಂದಿದ್ದೆ.

ಕರಿಹಲಗೆ

ಸೌಟಣ್ಣ, ರಜೆಯಲ್ಲಿ ನಿಲ್ಲುವುದಿಲ್ಲ ಅಂತ ಯಾರು ಹೇಳಿದ್ದು! ಈ ಸಲ ಹಲಸಿನಕಾಯಿ ಚೆನ್ನಾಗಿ ಬಂದಿತ್ತು. ಹಪ್ಪಳ, ಸೋಂಟೆ ಎಂದು ಮೇ ತಿಂಗಳು ಪೂರ್ತಿ ಒಲೆಯ ಮುಂದೆ. ಬರಿಗಾಲಿನಲ್ಲಿ. ಎರಡು ವರ್ಷದ ಹಿಂದೆ ಅಡಿಗೆಮನೆಗೆ ಟೈಲ್ಸ್ ಹಾಕಿಸಿದ್ದು. ಬರೆಯುತ್ತಿರುವಾಗಲೇ ಹೊಳೆಯಿತು, ಶಾಲೆಯಲ್ಲೂ ಕಂಪ್ಯೂಟರ್ ಲ್ಯಾಬಿಗೆ ಜೋಡು ಹೊರಗೆ ಬಿಟ್ಟು ಹೋಗಬೇಕು, ಅಲ್ಲಿ ಒಂದು ಗಂಟೆ.

ಅಂಗಡಿಬಾಗಿಲು

ಇದೇ ಸಂಗತಿ! ನಮ್ಮವರೆಲ್ಲ ಹೊರಗೆ ಹಾಕುವ ಶೂಗೆ ಸಾವಿರಗಟ್ಟಲೆ ಕೊಡುತ್ತಾರೆ, ಬಸ್ಸಿನಲ್ಲಿ ಕೂತು ಶಾಲೆಗೆ ಹೋಗುವಾಗ ಆ ಶೂ ಹಾಕಿಕೊಂಡಿರುತ್ತಾರೆ, ಮನೆಗೆ ಬಂದು ಜಗಲಿಯಲ್ಲಿ ಬಿಚ್ಚಿಟ್ಟು ಉಳಿದ ನಾಲ್ಕು ಗಂಟೆ ಕಲ್ಲಿನಂಥ ನೆಲದಲ್ಲಿ ಬರಿಗಾಲಿನಲ್ಲಿ ನಿಲ್ಲುತ್ತಾರೆ. ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸುತ್ತಿದ್ದ ಕಾಲದ ಅಭ್ಯಾಸ, ನೆಲ ಮಾತ್ರ ಬದಲಾಯಿತು. ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆ ಇಟ್ಟುಕೊಳ್ಳಿ ಟೀಚರೇ. ಶೂಗಿಂತ ಮೊದಲು ಅದನ್ನೇ ತೆಗೆದುಕೊಳ್ಳಿ ಅಂತ ಹೇಳುತ್ತೇನೆ.

ಕರಿಹಲಗೆ

ಅಡಿಗೆಮನೆಗೆ ಚಪ್ಪಲಿಯಾ? ನಮ್ಮ ಅತ್ತೆಯವರ ಮುಖ ನೀವು ನೋಡಿಲ್ಲ. ದೇವರ ಕೋಣೆ ಪಕ್ಕದಲ್ಲೇ ಇದೆ.

ಮುಳಿಹುಲ್ಲು

ಅಕ್ಕ, ನಮ್ಮಲ್ಲಿಯೂ ಇದೇ ಪಂಚಾಯಿತಿ ಆಗಿತ್ತು. ಹೊಸ ಜೋಡನ್ನು ಅಂಗಡಿಯ ಡಬ್ಬಿಯಲ್ಲೇ ಮನೆಗೆ ತಂದು, ಅಮ್ಮನ ಎದುರಿಗೇ ತೊಳೆದು, ಇದು ಒಂದು ದಿನವೂ ಹೊಸಿಲು ದಾಟುವುದಿಲ್ಲ ಎಂದು ಮಾತು ಕೊಟ್ಟೆ. ದೇವರ ಕೋಣೆಯ ಹತ್ತಿರ ಬಿಚ್ಚುತ್ತೇನೆ. ಮೊದಲ ವಾರ ಗೊಣಗಿದರು. ಈಗ ನಾನು ಮರೆತರೆ ಅವರೇ ನಿನ್ನ ಮೆಟ್ಟು ಎಲ್ಲಿ ಎಂದು ಕೇಳುತ್ತಾರೆ. ಒಲೆಯ ಮುಂದೆ ಒಂದು ದಪ್ಪ ರಬ್ಬರ್ ಮ್ಯಾಟ್ ಕೂಡ ಹಾಕಿ. ಮತ್ತೆ ಒಂದು ಗಿಡ್ಡ ಮಣೆ ಇಟ್ಟು ಒಂದೊಂದೇ ಕಾಲನ್ನು ಅದರ ಮೇಲೆ ಬದಲಾಯಿಸುತ್ತಾ ನಿಲ್ಲಿ, ಸೊಂಟಕ್ಕೆ ಅದೇ ಒಳ್ಳೆಯದು. ತೆಂಗಿನಕಾಯಿ ತುರಿಯುವ ಮಣೆ ಇಡಬೇಡಿ, ನಮ್ಮ ಮನೆಯಲ್ಲಿ ಇಟ್ಟಿದ್ದಾರೆ, ಅದಕ್ಕೆ ಹೇಳಿದೆ.

ಪಾದಸೇವೆ

ಮನೆಯೊಳಗೆ ಎಂಸಿಆರ್ ಚಪ್ಪಲಿ ಆಗುತ್ತದೆ, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರಿನದ್ದು. ಸ್ಪರ್ಶ ಹೋದ ಪಾದಗಳಿಗೆ ಎಂಥ ಜೋಡು ಬೇಕು ಎಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಜೊತೆ ಕೆಲಸ ಮಾಡುತ್ತಾ ಹುಡುಕಿದವರು, ಶುಗರಿನವರ ಚಪ್ಪಲಿಗೂ ಅದೇ ವಿಚಾರ ಬಂದದ್ದು. ಆದರೆ ಎಂಸಿಆರ್ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಮೇಲಿನ ಪದರ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ವಾಪಸ್ ಏಳಬೇಕು, ಕೆಳಗಿನ ಸೋಲು ಗಟ್ಟಿ ಇರಬೇಕು. ಹಿಂದೆ ಪಟ್ಟಿ ಇರಲೇಬೇಕು, ಹೆಬ್ಬೆರಳ ಸಂದಿಯಲ್ಲಿ ಕಡ್ಡಿ ಇರುವುದು ಬೇಡ. ಹಿಂದೆ ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಬೀಳದ ಹಾಗೆ ಬೆರಳು ಬಿಗಿ ಹಿಡಿದು ನಡೆಯುತ್ತೀರಿ, ಅಂಗಾಲಿಗೆ ಮತ್ತೆ ಎಳೆತ.

ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ. ಹೀಗೆ ಹತ್ತು ಸಲ. ಆಮೇಲೆ ಕಾಲು ಕೆಳಗೆ ಇಡಿ, ಅದೂ ಚಪ್ಪಲಿಯೊಳಗೆ. ಶೂ ಒಂದೇ ಇದನ್ನು ವಾಸಿ ಮಾಡುವುದಿಲ್ಲ, ತಿಂಗಳುಗಟ್ಟಲೆ ಬೇಕು.

ಅಂಗಡಿಬಾಗಿಲು

ಶೂ ಅಳತೆಗೆ ಒಂದು ಉಪಾಯ. ಸಂಜೆ, ಕಾಲು ಸ್ವಲ್ಪ ಬಾತಿರುವಾಗ, ದಪ್ಪ ಕಾಗದದ ಮೇಲೆ ನಿಂತು ಯಾರಿಂದಲಾದರೂ ಪಾದದ ಸುತ್ತ ಪೆನ್ಸಿಲ್ ಎಳೆಸಿ. ಕೂತು ಅಲ್ಲ, ನಿಂತು. ಎರಡೂ ಕಾಲಿನದ್ದು, ಯಾಕೆಂದರೆ ಎರಡು ಒಂದೇ ಇರುವುದಿಲ್ಲ. ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಆ ಕಾಗದವನ್ನು ಶೂ ಒಳಗೆ ತೂರಿಸಿ ನೋಡಿ, ಅಂಚು ಮಡಚಿಕೊಂಡರೆ ಶೂ ಸಪೂರ. ನಂಬರ್ ಏನೇ ಹೇಳಲಿ. ನಮ್ಮಲ್ಲಿ ಬರುವ ಯುಕೆ ನಂಬರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 8.5 ಮಿಲಿಮೀಟರ್ ಉದ್ದ ಹೆಚ್ಚುತ್ತದೆ, ಅಗಲ ಬೇಕಾದವರು ನಂಬರ್ ಏರಿಸಿದರೆ ಉದ್ದವೇ ಜಾಸ್ತಿ ಆಗಿ ಹಿಮ್ಮಡಿ ಒಳಗೆ ಓಡಾಡುತ್ತದೆ. ಅಗಲದ್ದೇ ಕೇಳಿ, ಕೆಲವು ಕಂಪನಿಯವರು 2ಇ, 4ಇ ಎಂದು ಮಾಡುತ್ತಾರೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಖಾಲಿ ಇರಲಿ. ಹಾಕಿ ಹಾಕಿ ಸಡಿಲ ಆಗುತ್ತದೆ ಎಂದು ಹೇಳುವ ಹುಡುಗರ ಮಾತು ಕೇಳಬೇಡಿ, ನಾನೂ ಅದನ್ನೇ ಹೇಳುತ್ತಿದ್ದವ.

ಸೀರೆಗೆ ಆಗುವ ಹಾಗೆ ಕಪ್ಪು ಬಣ್ಣದಲ್ಲಿ ವೆಲ್ಕ್ರೋ ಇರುವುದು ಸಿಗುತ್ತದೆ. ಮಕ್ಕಳು ಎರಡು ದಿನ ನಗುತ್ತಾರೆ, ಮೂರನೇ ದಿನ ಅವರಿಗೆ ಬೇರೆ ಏನಾದರೂ ಸಿಗುತ್ತದೆ.

ಕರಿಹಲಗೆ (ಆರು ವಾರದ ನಂತರ)

ಕೇಳಿದವರಿಗೆಲ್ಲ ಒಂದು ವರದಿ. ಪಾದ ತೋರಿಸಿದೆ. ಸ್ಪರ್ಶ ಸದ್ಯಕ್ಕೆ ಪರವಾಗಿಲ್ಲ, ವರ್ಷಕ್ಕೊಮ್ಮೆ ನೋಡಿಸಬೇಕು ಎಂದರು. ಮೊದಲು ಮನೆಯ ಎಂಸಿಆರ್ ತೆಗೆದುಕೊಂಡೆ, ಮುಳಿಹುಲ್ಲು ಅವರ ಡಬ್ಬಿ ಉಪಾಯದಿಂದಲೇ. ಅತ್ತೆ ಇನ್ನೂ ಗೊಣಗುತ್ತಾರೆ, ಆದರೆ ತೆಗೆ ಎನ್ನುವುದಿಲ್ಲ. ಹತ್ತು ದಿನದಲ್ಲಿ ಬೆಳಗಿನ ಮೊದಲ ಹೆಜ್ಜೆಯ ನೋವು ಅರ್ಧಕ್ಕೆ ಇಳಿಯಿತು, ಹೊಸ ಶೂ ಬರುವ ಮೊದಲೇ! ಆಮೇಲೆ ಕಾಗದ ಹಿಡಿದುಕೊಂಡು ಅಂಗಡಿಗೆ ಹೋದೆ. ನಾಲ್ಕು ಜೊತೆಯಲ್ಲಿ ಮೂರಕ್ಕೆ ಕಾಗದ ಮಡಚಿತು. ಇಷ್ಟು ವರ್ಷ ಆರು ನಂಬರ್ ಹಾಕುತ್ತಿದ್ದೆ, ನನ್ನದು ಆರೇ, ಆದರೆ ಅಗಲದ್ದು. ಸೊಂಟ ನೋವು ಪ್ಯಾಡ್ ತೆಗೆದ ವಾರದಲ್ಲೇ ಹೋಯಿತು. ಹೆಡ್ಮಾಸ್ಟರ ಹತ್ತಿರ ಕೇಳಿ ಕ್ಲಾಸಿನಲ್ಲಿ ಒಂದು ಎತ್ತರದ ಸ್ಟೂಲು ಇಡಿಸಿಕೊಂಡೆ, ಲ್ಯಾಬಿಗೆ ಬೇರೆ ಒಂದು ಜೊತೆ ಇಟ್ಟಿದ್ದೇನೆ. ಪೂರ್ತಿ ಹೋಗಿಲ್ಲ, ಶುಕ್ರವಾರ ಸಂಜೆ ಈಗಲೂ ನೋಯುತ್ತದೆ.

ಒಂದು ಪ್ರಶ್ನೆ ಬಾಕಿ. ಈ ಮಳೆಗೆ ಶೂ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಹತ್ತಿರ ಇಡಬಹುದಾ?

ಅಂಗಡಿಬಾಗಿಲು

ಖಂಡಿತ ಬೇಡ. ಬೆಂಕಿಯ ಬಿಸಿಗೆ ಅಂಟು ಬಿಡುತ್ತದೆ, ಸೋಲು ಕುಗ್ಗುತ್ತದೆ. ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡಿ. ಎರಡು ಗಂಟೆಗೆ ಪೇಪರ್ ಬದಲಿಸಿ. ಆದರೆ ಆಟಿ ತಿಂಗಳ ಮಳೆ ಮುಗಿಯುವವರೆಗೆ ಎರಡು ಜೊತೆ ಇದ್ದರೇ ಸರಿ, ಇವತ್ತು ಒಂದು, ನಾಳೆ ಇನ್ನೊಂದು.

ಪಾದಸೇವೆ

ಬೆರಳ ಸಂದಿಯನ್ನೂ ಒರೆಸಿ ಟೀಚರೇ. ಶೂ ಒಣಗಿಸಿ ಕಾಲು ಒದ್ದೆ ಬಿಡುವವರೇ ಜಾಸ್ತಿ.

ಸೌಟು

ನಾನು ಕಾಲು ತೋರಿಸಿದೆ, ನರದ್ದೇ ಅಂತೆ, ಸ್ಟಾಕಿಂಗ್ಸ್ ಬರೆದುಕೊಟ್ಟರು. ಆ ಬಿಸಿಯಲ್ಲಿ, ಪಂಚೆಯ ಕೆಳಗೆ, ಅದು ಹೇಗೆ ಹಾಕುವುದು ಮಾರಾಯ್ರೇ? ಬೇರೆ ಪೋಸ್ಟು ಹಾಕುತ್ತೇನೆ, ಅಲ್ಲಿಗೆ ಬನ್ನಿ.