‘ಗೋ ಡಚ್’ ಅಂದ್ರೆ ಸಮಪಾಲೋ, ತಿಂದವರ ಪಾಲೋ?

ಸೆಟ್‌ದೋಸೆ: ನಿನ್ನೆ ಹೋಟೆಲ್ಲಿಗೆ ಆರು ಜನ ಹೋಗಿದ್ವಿ. ನಂದು ಸೆಟ್ ದೋಸೆ, ಕಾಫಿ. ಉಳಿದವರದು ಪನೀರು, ನಾನ್, ಐಸ್‌ಕ್ರೀಮು. ಬಿಲ್ 2,700. ಒಬ್ಬ ‘ಗೋ ಡಚ್’ ಅಂತ ಆರರಿಂದ ಭಾಗಿಸಿ ನನ್ನ ಹತ್ರ 450 ಕಿತ್ತ. ಇದು ಸರೀನಾ?

ಪದಪ್ರಿಯ: ತಪ್ಪು. ತಿಂದಿದ್ದಕ್ಕೆ ಅವರವರೇ ಕೊಡೋದು ಗೋ ಡಚ್. ಸಮ ಹಂಚೋದು ‘ಸ್ಪ್ಲಿಟ್ ದ ಬಿಲ್’. 17ನೇ ಶತಮಾನದಲ್ಲಿ ಇಂಗ್ಲಿಷರು ಡಚ್ಚರ ಜೊತೆ ಮೂರು ಯುದ್ಧ ಮಾಡಿದ್ರು, ಆ ಸಿಟ್ಟಿಗೆ ಡಚ್ಚರನ್ನ ಜುಗ್ಗರು ಅಂತ ಹಂಗಿಸಿದ ಮಾತು.

ಐದುಪೈಸೆ: ‘ತಪ್ಪು’ ಅಂತ ತೀರ್ಪು ಕೊಡೋಕೆ ನೀವ್ಯಾರು? ಕೇಂಬ್ರಿಜ್ ನಿಘಂಟಲ್ಲಿ ಖರ್ಚು ಹಂಚಿಕೊಳ್ಳೋದು ಅಂತಷ್ಟೇ ಇದೆ.

ಮುಂಗೋಪಿ: ‘ಆ ಸಿಟ್ಟಿಗೆ’ ಅಂತೆ! ಮೂರನೇ ಯುದ್ಧ ಮುಗಿದಿದ್ದು 1674ಕ್ಕೆ. ಅವರವರ ದುಡ್ಡಲ್ಲೇ ತಿನ್ನೋದಕ್ಕೆ ‘ಡಚ್ ಟ್ರೀಟ್’ ಅನ್ನೋ ಮಾತು ಬಂದಿದ್ದು 19ನೇ ಶತಮಾನದ ಅಮೆರಿಕದಲ್ಲಿ. ಅಲ್ಲಿವರೆಗೂ ಸಿಟ್ಟನ್ನ ಉಪ್ಪಿನಕಾಯಿ ಹಾಕಿಟ್ಟಿದ್ರಾ? ಅಲ್ಲಿ ಡಚ್ ಅಂದ್ರೆ ಪೆನ್ಸಿಲ್ವೇನಿಯಾದ ಜರ್ಮನ್ನರೂ ಹೌದು.

ಪದಪ್ರಿಯ: ನಾಲ್ಕನೇ ಯುದ್ಧ 1780ರಲ್ಲಿ ಶುರುವಾಯ್ತು, ಅದನ್ನ ನುಂಗಿಬಿಟ್ರಲ್ಲ. ಗ್ರೋಸ್‌ನ 1785ರ ಆಡುಮಾತಿನ ನಿಘಂಟಲ್ಲಿ ‘ಡಚ್ ಫೀಸ್ಟ್’ ಅನ್ನೋ ಬೈಗುಳವೇ ಇದೆ.

ಮುಂಗೋಪಿ: ಅದು ಅತಿಥಿಗಳಿಗಿಂತ ಮುಂಚೆ ಮನೆಯವನೇ ಕುಡಿದು ತೂರಾಡೋ ಔತಣ ಕಣ್ರೀ! ಅದರಲ್ಲಿ ಬಿಲ್ ಎಲ್ಲಿದೆ? ಅರ್ಧ ಓದಿ ಪಾಠ ಹೇಳ್ಬೇಡಿ!!

ಐಂಧೋವನ್‌ಕನ್ನಡಿಗ: ಇಲ್ಲಿ ಡಚ್ಚರ ನಾಡು ನೆದರ್ಲೆಂಡ್ಸಲ್ಲಿ 2016ರಿಂದ ‘ಟಿಕ್ಕಿ’ ಅಂತ ಆಪ್ ಇದೆ. ಒಬ್ಬರು ಬಿಲ್ ಕಟ್ಟಿ ಉಳಿದವರಿಗೆ ಅವರ ಪಾಲಿನ ದುಡ್ಡು ಕೇಳೋ ಲಿಂಕ್ ಕಳಿಸ್ತಾರೆ. ಕಾಫಿಗೂ ಬರುತ್ತೆ.

ಪದಪ್ರಿಯ: ‘ಕಾಫಿಗೂ’! ಜುಗ್ಗರು ಅಂತ ಅಲ್ಲಿರೋರೇ ಒಪ್ಪಿದ್ರು.

ಐಂಧೋವನ್‌ಕನ್ನಡಿಗ: ಜುಗ್ಗರು ಅಂತ ನಾನೆಲ್ಲಿ ಅಂದೆ ಸ್ವಾಮಿ? ಹುಟ್ಟುಹಬ್ಬಕ್ಕೆ ಆಫೀಸಿನವರಿಗೆಲ್ಲ ಕೇಕ್ ತರೋದು ಇಲ್ಲಿ ಹುಟ್ಟಿದವನೇ.

ಧಾರವಾಡ ಪೇಡೆ: ಯಾಕ್ ಇಷ್ಟ್ ಜಗಳಾ? ನಮ್ ಕಡೆ ಎಲ್ಲಾರೂ ರೊಕ್ಕಾ ಕೂಡ್ಸೂದಕ್ಕ ‘ಪಟ್ಟಿ ಹಾಕೋಣ’ ಅಂತೀವ್ರಿ, ಮುಗೀತು.

ಐದುಪೈಸೆ: ಪಟ್ಟಿ ಗಣಪತಿ ಕೂರಿಸೋಕೆ ಸರ್, ಪನೀರಿಗಲ್ಲ.

ಧಾರವಾಡ ಪೇಡೆ: ನೀವು ಯಾವೂರ ಗಣಪತಿ ನೋಡೀರಿ? ಜಾತ್ರಿಗೂ ಪಟ್ಟಿ, ಊಟಕ್ಕೂ ಪಟ್ಟಿ.

ಸೆಟ್‌ದೋಸೆ: ಅದಿರಲಿ. ನಾನು ತಿಂದಿದ್ದು 140 ರೂಪಾಯಿಂದು. 310 ವಾಪಸ್ ಕೇಳ್ಲಾ?

ಐದುಪೈಸೆ: ನೀರಿನ ಬಾಟ್ಲಿ ಯಾರ ಲೆಕ್ಕಕ್ಕೆ?

ಪದಪ್ರಿಯ: 1780ರ ಯುದ್ಧದ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿ.