16 ವಾರದ ಬಸುರಿ, ಲಿಂಫೋಮಾ ಕ್ಯಾನ್ಸರ್ ಮತ್ತೆ ಬಂದಿದೆ. ಅನುಭವ ಇದ್ದವರು ಹೇಳಿ

ಗಂಗಾವತಿಯಿಂದ: ಹೆಂಡತಿಗೆ 3 ವರ್ಷದ ಹಿಂದೆ ಹಾಡ್ಕಿನ್ ಲಿಂಫೋಮಾ ಆಗಿ ವಾಸಿಯಾಗಿತ್ತು. ಈಗ 16 ವಾರ. ಕುತ್ತಿಗೆಯಲ್ಲಿ ಮತ್ತೆ ಗಂಟು, ಬಯಾಪ್ಸಿಯಲ್ಲೂ ಅದೇ ಬಂದಿದೆ. ಮಗು ಉಳಿಸಿಕೊಂಡು ಕಿಮೋ ಮಾಡಿಸಿದವರು ಇದ್ದೀರಾ?

ಸಿಂಧನೂರು ಅಕ್ಕ: ನಾನಿದ್ದೇನೆ. ನನಗೆ ಮರಳಿ ಬಂದಾಗ 19 ವಾರ. ಪೆಟ್ ಸ್ಕ್ಯಾನ್ ಮಾಡಲಿಲ್ಲ, ಬಣ್ಣದ ಇಂಜೆಕ್ಷನ್ ಇಲ್ಲದೆ ಎಂಆರ್‌ಐ ಮಾಡಿದರು. 22ನೇ ವಾರದಿಂದ 15 ದಿನಕ್ಕೊಂದು ಕಿಮೋ, ಒಟ್ಟು 6. ಎರಡನೆಯದಾದ ಮೇಲೆ ಬಿಳಿ ರಕ್ತಕಣ ಬಿದ್ದು ಜ್ವರ, 9 ದಿನ ತಡ. ಬೆಂಗಳೂರಿಗೆ ಪ್ರತಿ ಸಲ ಬಸ್ಸು, ಲಾಡ್ಜು, ಊಟ ಅಂತ 6,400. ಎರಡೆಳೆ ಸರ ಹೋಯಿತು, ಬಳೆ ಇನ್ನೂ ಅಡವಿನಲ್ಲೇ ಇವೆ. ರಕ್ತದ ಕೌಂಟ್ ಏರಲಿ ಅಂತ ಹೆರಿಗೆಗೆ 3 ವಾರ ಮೊದಲೇ ಕಿಮೋ ನಿಲ್ಲಿಸಿದರು. 36ನೇ ವಾರಕ್ಕೆ ಮಗಳು, 2.1 ಕೆಜಿ. ಮುಂದೆ ಮತ್ತೆ ಕಿಮೋ ಇತ್ತು, ಎದೆಹಾಲು ಕೊಡಲು ಬಿಡಲಿಲ್ಲ. ಹಾಲು ಕಟ್ಟಿದ ನೋವು ಕಿಮೋಗಿಂತ ಜಾಸ್ತಿ. ಆಮೇಲೆ ನನ್ನದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಕಣ) ತೆಗೆದು ಕಸಿ ಮಾಡಿದರು. 26 ದಿನ ಮಗಳನ್ನು ಗಾಜಿನಾಚೆಯಿಂದ ನೋಡಿದೆ. ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ. ಧೈರ್ಯ ಮಾಡಿದರೆ ಆಗುತ್ತದೆ.

ಬಳ್ಳಾರಿ ಕೌಲ್‌ಬಜಾರ್: ಧೈರ್ಯದ ಮಾತು ಬೇಡ ಅಕ್ಕ. ನಮ್ಮಾಕೆಗೆ 9 ವಾರ ಇತ್ತು. ಮಗುವಿನ ಅಂಗಗಳು ಮೂಡುವ ಹೊತ್ತು ಅದು, ಕಿಮೋ ಕೊಡಲ್ಲ ಅಂದರು. ಎದೆಯೊಳಗಿನ ಗಡ್ಡೆ ಉಸಿರುನಾಳ ಒತ್ತುತ್ತಿತ್ತು. ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಕೊನೆಗೆ ಬಸಿರು ತೆಗೆಸಿದೆವು. ಅದಕ್ಕೂ ಮೊದಲು ಒಬ್ಬ ಡಾಕ್ಟರು ಟಿಬಿ ಗಂಟು ಅಂತ 2 ತಿಂಗಳು ಮಾತ್ರೆ ನುಂಗಿಸಿದ್ದರು. ಆ 2 ತಿಂಗಳು ಯಾರು ವಾಪಸ್ ಕೊಡುತ್ತಾರೆ? ನಮ್ಮವ್ವ ಇವತ್ತಿಗೂ ಸೊಸೆಯ ಜೊತೆ ಸರಿಯಾಗಿ ಮಾತಾಡಲ್ಲ.

ಸಿಂಧನೂರು ಅಕ್ಕ: ನಿಮ್ಮ ಬಗ್ಗೆ ನಾನೇನೂ ಅಂದಿಲ್ಲ. ನನ್ನದು ಹೇಳಿದೆ, ಅಷ್ಟೇ.

ಬಳ್ಳಾರಿ ಕೌಲ್‌ಬಜಾರ್: ಅಂದಂಗೇ ಆಯ್ತಲ್ಲಾ! ನಾವು ಹೇಡಿಗಳಾ?

ಮಾನ್ವಿ: ಸರ ಯಾಕೆ ಮಾರಿದಿರಿ? ಆಯುಷ್ಮಾನ್ ಕಾರ್ಡಿಗೆ 5 ಲಕ್ಷ ಇದೆಯಲ್ವಾ?

ಸಿಂಧನೂರು ಅಕ್ಕ: ಅದು ಬಿಪಿಎಲ್‌ಗೆ ರೀ. ನಮ್ಮದು ಎಪಿಎಲ್, ಸರ್ಕಾರ ಕೊಡೋದು ಶೇ 30 ಮಾತ್ರ. ಬಸ್ಸಿಗೆ, ಲಾಡ್ಜಿಗೆ ಯಾವ ಕಾರ್ಡೂ ಕೊಡಲ್ಲ.

ಮಾನ್ವಿ: ನೀರಾವರಿ ಹೊಲ ಇದ್ದವರೂ ಬಿಪಿಎಲ್ ಮಾಡಿಸಿಕೊಂಡಿದ್ದಾರೆ.

ಸಿಂಧನೂರು ಅಕ್ಕ: ಸುಳ್ಳು ಕಾರ್ಡು ಮಾಡಿಸು ಅಂತೀರಾ? ನಮ್ಮ ಮನೇಲಿ ಅದು ನಡೆಯಲ್ಲ.

ಗಂಗಾವತಿಯಿಂದ: ಅಕ್ಕ, ಅಣ್ಣ, ಜಗಳ ಬೇಡ. ಸೋಮವಾರ ಬೆಂಗಳೂರಿಗೆ ಹೊರಟಿದ್ದೇವೆ. ಏನೇನು ಒಯ್ಯಬೇಕು?

ಬಳ್ಳಾರಿ ಕೌಲ್‌ಬಜಾರ್: ಬಯಾಪ್ಸಿಯ ಬ್ಲಾಕು (ಗಂಟಿನ ತುಣುಕು ಇಟ್ಟ ಮೇಣದ ಗಟ್ಟಿ) ಇಸ್ಕೊಂಡು ಹೋಗು ತಮ್ಮಾ, ಬರೀ ರಿಪೋರ್ಟ್ ಸಾಲದು. ಅದಕ್ಕಾಗಿ ನಾನು ವಾಪಸ್ ಬಂದು 4 ದಿನ ಕಳೆದುಕೊಂಡೆ.