ಫ್ಲೇಮ್ ಡಿಟೆಕ್ಟರ್‌ಗೆ ಮಾಡ್‌ಬಸ್ ಎಳೆದವರು ಯಾರಾದ್ರೂ ಇದ್ದೀರಾ? ಅನುಭವ ಹೇಳಿ

ವಸಂತನರಸಾಪುರದಿಂದ (ಕೇಳಿದವರು): ನಮ್ಮ ಸಾಲ್ವೆಂಟ್ ಶೆಡ್‌ಗೆ 8 ಟ್ರಿಪಲ್ ಐಆರ್ ಡಿಟೆಕ್ಟರ್ (ಮೂರು ಇನ್‌ಫ್ರಾರೆಡ್ ಸೆನ್ಸರ್‌ನಿಂದ ಬೆಂಕಿ ಗುರುತಿಸೋವು) ಬಂದಿವೆ. ಕಂಟ್ರೋಲ್ ರೂಮಿಂದ ಕೊನೇದು 240 ಮೀಟರ್ ದೂರ. ಆರ್‌ಎಸ್-485 (ಎಲ್ಲಕ್ಕೂ ಒಂದೇ ಜೋಡಿ ಡೇಟಾ ವೈರ್) ಮೇಲೆ ಮಾಡ್‌ಬಸ್ (ಯಂತ್ರಗಳು ಡೇಟಾ ಕಳಿಸೋ ಭಾಷೆ) ತರೋದೋ, ಒಂದೊಂದಕ್ಕೂ ಬೇರೆ ವೈರ್‌ನಲ್ಲಿ 4-20 ಮಿಲಿಆಂಪ್ ಕರೆಂಟ್ ಸಿಗ್ನಲ್ ಎಳೆಯೋದೋ? ಮುಂದಿನ ವಾರ ಕೇಬಲ್ ಆರ್ಡರ್ ಹಾಕ್ಬೇಕು.

ಮಾಲೂರು ಮೇಂಟೆನೆನ್ಸ್: ಮಾಡ್‌ಬಸ್ ಅಂದ್ರೆ ಈಗಲೂ ಮೈ ಉರಿಯುತ್ತೆ. ನಮಗೆ ಸಿಕ್ಕ ಕಾಂಟ್ರಾಕ್ಟರ್ ಲೈಟಿಂಗ್ ಕೆಲಸದವನು. ಮಧ್ಯದಲ್ಲೊಂದು ಜಂಕ್ಷನ್ ಬಾಕ್ಸ್ ಇಟ್ಟು, ಮನೆಗೆ ಫ್ಯಾನ್ ಲೈನ್ ಎಳೆದ ಹಾಗೆ 6 ಡಿಟೆಕ್ಟರ್‌ಗೂ 6 ಕವಲು ಬಿಟ್ಟ. 2 ಹಾಕಿದಾಗ ಮಾತಾಡಿತು, 4 ಹಾಕಿದಾಗ ತೊದಲಿತು, 6 ಹಾಕಿದ ಮೇಲೆ ಬಾಯೇ ಕಟ್ಟಿತು. ಒಂದರಿಂದ ಇನ್ನೊಂದಕ್ಕೆ ಸರಪಳಿ ಥರ ಹೋಗ್ಬೇಕು, ಎರಡು ತುದಿಗೆ ಮಾತ್ರ 120 ಓಮ್ ರೆಸಿಸ್ಟರ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದ ಹಾಗೆ) ಅಂತ ಅವನಿಗೆ ನಾನು ಪಾಠ ಮಾಡ್ಬೇಕಾಯ್ತು. ಆಮೇಲೆ ನೋಡಿದ್ರೆ ಆರರಲ್ಲೂ ಒಳಗಿನ ರೆಸಿಸ್ಟರ್ ಆನ್! ಪವರ್ ಆಫ್ ಮಾಡಿ ಮೀಟರ್ ಇಟ್ರೆ 60 ಓಮ್ ಬರ್ಬೇಕಾದ ಕಡೆ 20. ಆರ್ಮರ್ಡ್ ಕೇಬಲ್ (ಮೇಲೆ ಲೋಹದ ಕವಚ ಇರೋದು) ಇನ್ನೊಂದ್ಸಲ 310 ಮೀಟರ್, ಎಕ್ಸ್-ಡಿ ಗ್ಲ್ಯಾಂಡ್ (ಕೇಬಲ್ ಒಳಹೋಗೋ ಕಡೆ ಬಿಗಿಯೋ ಸ್ಫೋಟ ತಡೆಯೋ ಬಿರಡೆ) 14, ಸ್ಕ್ಯಾಫೋಲ್ಡಿಂಗ್ 4 ದಿನದ ಬಾಡಿಗೆ, 2 ಭಾನುವಾರದ ಓಟಿ. ಒಟ್ಟು 1 ಲಕ್ಷ 18 ಸಾವಿರ. ಬಿಲ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ನರಸಾಪುರ ಇನ್‌ಸ್ಟ್ರುಮೆಂಟ್: ತಪ್ಪು ಮಾಡ್‌ಬಸ್‌ದಲ್ಲ ಸಾರ್, ಕೆಲಸ ಕೊಟ್ಟವರದ್ದು. ನಂದು 14 ಡಿಟೆಕ್ಟರ್, 2 ವರ್ಷದಿಂದ ಒಂದೇ ಜೋಡಿ ವೈರ್ ಮೇಲೆ ಓಡ್ತಿವೆ. ಮೊದಲ ವಾರ ನಾನೂ ಅತ್ತಿದ್ದೀನಿ, ಇಲ್ಲ ಅನ್ನಲ್ಲ. ಒಂದೊಂದಕ್ಕೂ ಬೇರೆ ಅಡ್ರೆಸ್ ಇರ್ಬೇಕು, ಎಲ್ಲವೂ ಅಡ್ರೆಸ್ 1 ಇಟ್ಕೊಂಡೇ ಬಂದಿದ್ವು. ಎರಡು ಡೇಟಾ ವೈರ್‌ನ ಹೆಸರೂ ಉಲ್ಟಾ, ಡಿಟೆಕ್ಟರ್‌ನವನ ‘ಎ’ ಅಂದ್ರೆ ಪ್ಯಾನೆಲ್‌ನವನ ‘ಬಿ’. ಮ್ಯಾನುಯಲ್‌ನಲ್ಲಿ ಬೆಂಕಿ ಸ್ಥಿತಿಯ ರಿಜಿಸ್ಟರ್ (ಡೇಟಾ ಇರೋ ಖಾನೆ) 40003 ಅಂತಿತ್ತು, ನಮ್ಮ ಪಿಎಲ್‌ಸಿ (ಪ್ಯಾನೆಲ್‌ನ ಕಂಟ್ರೋಲ್ ಕಂಪ್ಯೂಟರ್) 40001ನ್ನ ಸೊನ್ನೆ ಅಂತ ಎಣಿಸುತ್ತೆ, 2 ಅಂತ ಕೊಡ್ಬೇಕಿತ್ತು, ನಾನು 3 ಕೊಟ್ಟೆ. ಪಕ್ಕದ ರಿಜಿಸ್ಟರ್‌ನಲ್ಲಿ ಸಪ್ಲೈ ವೋಲ್ಟೇಜ್ ಇತ್ತು, 23.6 ಅನ್ನ 236 ಅಂತ. 3 ದಿನ ಸ್ಕ್ರೀನ್ ಮೇಲೆ ‘ಬೆಂಕಿ ಸ್ಥಿತಿ: 236’! ಆದ್ರೆ ಗಾಜು ಮಂಕಾಗಿದೆ, ಒರೆಸು ಅಂತ ಕೂತಲ್ಲೇ ಹೇಳೋದು ಮಾಡ್‌ಬಸ್ಸೇ. ನಿಮ್ಮ ರಿಲೇ (ಸಿಗ್ನಲ್ ಬಂದ್ರೆ ತಾನೇ ಬದಲಾಗೋ ಸ್ವಿಚ್) ಹೇಳುತ್ತಾ?

ಅಂತರಸನಹಳ್ಳಿ ಹಳಬ: ಹೇಳುತ್ತೆ ತಮ್ಮಾ, ಫಾಲ್ಟ್ ರಿಲೇ ಅಂತ ಒಂದಿರುತ್ತೆ. ನಾನು 4-20 ಬಿಟ್ಟು ಕದಲಿಲ್ಲ. 4 ಇದ್ರೆ ಸುಖ, 20 ಬಂದ್ರೆ ಬೆಂಕಿ, 0 ಆದ್ರೆ ವೈರ್ ಕಿತ್ತಿದೆ. ರಾತ್ರಿ ಪಾಳಿಯ ಹುಡುಗನೂ ಮೀಟರ್ ಇಟ್ಟು ಹೇಳ್ತಾನೆ. ಒಳಗಿನ ಕಥೆ ಬೇಕಂದ್ರೆ ಅದೇ 4-20 ವೈರ್ ಮೇಲೆ ಡೇಟಾನೂ ತರೋ ಹಾರ್ಟ್ (HART) ಇದೆ. ಅದಕ್ಕೂ ಒಂದು ದಿನ ಬೆವರು ಹರಿಸಿದೆ, ಲೂಪ್‌ನಲ್ಲಿ (ಆ ವೈರ್ ಸುತ್ತಲ್ಲಿ) 250 ಓಮ್ ರೆಸಿಸ್ಟರ್ ಇಲ್ದೆ ಕಮ್ಯುನಿಕೇಟರ್‌ಗೆ (ಹಾರ್ಟ್ ಡೇಟಾ ಓದೋ ಸಾಧನ) ಏನೂ ಕಾಣ್ಲಿಲ್ಲ. ಪುಡಿಗಾಸಿನ ರೆಸಿಸ್ಟರ್‌ಗೆ ಬೆಂಗಳೂರು ಎಸ್‌ಪಿ ರಸ್ತೆಗೆ ಹೋಗಿ ಬಂದೆ, ಬಸ್ ಚಾರ್ಜೇ ಜಾಸ್ತಿ. ಬೆಂಕಿ ಸುದ್ದಿ ಮಾತ್ರ ಹಾರ್ಡ್‌ವೈರ್‌ನಲ್ಲೇ (ಅದಕ್ಕಂತಲೇ ಇರೋ ನೇರ ವೈರ್) ಬರ್ಬೇಕು.

ಗೌರಿಬಿದನೂರು ವೈರ್‌ಮನ್: ಎಲ್ಲರೂ ಡೇಟಾ ಡೇಟಾ ಅಂತೀರಿ, ಪವರ್ ಯಾರು ನೋಡ್ತೀರಿ? ನಮ್ಮಲ್ಲಿ ಪವರ್‌ಗೆ 1.5 ಚದರ ಮಿಮೀ ದಪ್ಪದ ವೈರ್ ಎಳೆಸಿದ್ರು. ಸುಮ್ನಿದ್ದಾಗ ಎಲ್ಲ ಚೆನ್ನ. ಟೆಸ್ಟ್ ಲ್ಯಾಂಪ್ (ಬೆಂಕಿಯ ಹಾಗೆ ಕಾಣೋ ಪರೀಕ್ಷೆ ದೀಪ) ಹಿಡಿದ ತಕ್ಷಣ ರಿಲೇ ಎತ್ತುತ್ತೆ, ಗಾಜಿನ ಹೀಟರ್ ಬೇರೆ, ಕೊನೇ ಡಿಟೆಕ್ಟರ್ ಸತ್ತು ಹುಟ್ಟುತ್ತೆ. ಬೆಂಕಿ ಕಂಡಾಗಲೇ ಕಣ್ಣು ಮುಚ್ಚೋ ಕಾವಲುಗಾರ! ಲೆಕ್ಕ ಹಾಕಿ: 1.5ರದ್ದು ಕಿಲೋಮೀಟರ್‌ಗೆ 12 ಓಮ್ ಚಿಲ್ಲರೆ. 240 ಮೀಟರ್ ಹೋಗಿ ಬರೋಕೆ 5.8 ಓಮ್. ಒಂದೊಂದು 150 ಮಿಲಿಆಂಪ್ ಎಳೆದ್ರೂ 8ಕ್ಕೆ 1.2 ಆಂಪ್, ಎಲ್ಲ ಆ ತುದಿಯಲ್ಲೇ ಇದ್ರೆ 7 ವೋಲ್ಟ್ ದಾರಿಯಲ್ಲೇ ಹೋಯ್ತು. 24ರಲ್ಲಿ ಉಳಿದಿದ್ದು 17. 2.5 ಹಾಕಿ. ಶೀಲ್ಡ್ (ಡೇಟಾ ವೈರ್ ಸುತ್ತ ಇರೋ ಲೋಹದ ಹೊದಿಕೆ) ಎರಡೂ ಕಡೆ ಅರ್ಥ್ ಮಾಡಿ, ಗಟ್ಟಿ.

ನರಸಾಪುರ ಇನ್‌ಸ್ಟ್ರುಮೆಂಟ್: ಎರಡೂ ಕಡೆನಾ?! ನಮ್ಮಲ್ಲಿ ಹಾಗೆ ಮಾಡಿದ್ದಕ್ಕೇ ಡಿಜಿ (ಡೀಸೆಲ್ ಜನರೇಟರ್) ಚಾಲೂ ಆದಾಗಲೆಲ್ಲ ಲೈನ್ ಕಟ್. ಶೀಲ್ಡ್ ಪ್ಯಾನೆಲ್ ಕಡೆ ಮಾತ್ರ. ಗೊತ್ತಿಲ್ದೆ ಜನಕ್ಕೆ ಹೇಳ್ಬೇಡಿ.

ಗೌರಿಬಿದನೂರು ವೈರ್‌ಮನ್: ಎಸಿ ರೂಮಲ್ಲಿ ಕೂತು ಮಾತಾಡೋದು ಸುಲಭ ಕಣ್ರೀ. 40 ಅಡಿ ಮೇಲೆ ಗ್ಲ್ಯಾಂಡ್ ಬಿಗಿದಿದ್ದೀರಾ? ಆರ್ಮರ್ ಎರಡೂ ಕಡೆ ಅರ್ಥ್ ಆಗುತ್ತೆ, ನಾನು ಹೇಳಿದ್ದು ಅದು.

ಮಾಲೂರು ಮೇಂಟೆನೆನ್ಸ್: ಶೀಲ್ಡ್ ಅಂತಲೇ ಬರೆದಿದ್ದೀರಿ, ಮೇಲೆ ಹೋಗಿ ಓದ್ಕೊಳ್ಳಿ. ಇಂಥವರೇ ನಮ್ಮ ಕೆಲಸ ಕೆಡಿಸಿದ್ದು.

ಗೌರಿಬಿದನೂರು ವೈರ್‌ಮನ್: ನಿಮ್ಮ ಕಡಿಮೆ ರೇಟಿನ ಕಾಂಟ್ರಾಕ್ಟರ್‌ನ ನಾನು ಕರೆತಂದೆನಾ?

ಅಂತರಸನಹಳ್ಳಿ ಹಳಬ: ಜಗಳ ಸಾಕು. ಡ್ರೈವ್ (ವೇಗ ಬದಲಿಸೋ ಯಂತ್ರ) ಮೋಟಾರ್ ಕೇಬಲ್ ಇರೋ ಟ್ರೇನಲ್ಲಿ ಈ ಸಿಗ್ನಲ್ ಕೇಬಲ್‌ನ ಮಲಗಿಸ್ಬೇಡಿ ಅಂತ ಒಬ್ಬರೂ ಹೇಳ್ಲಿಲ್ಲವಲ್ಲ.

ವಸಂತನರಸಾಪುರದಿಂದ: ಅಣ್ಣಂದಿರಾ, ಈಗ ಗೊತ್ತಾಯ್ತು, ಪರ್ಚೇಸ್‌ನವರು ಹೋದ ವಾರವೇ 4 ಕೋರ್ (ಒಳಗೆ 4 ವೈರ್) 1.5 ಕೇಬಲ್ ಆರ್ಡರ್ ಹಾಕಿಬಿಟ್ಟಿದ್ದಾರೆ. ಪವರ್‌ಗೆ, ಡೇಟಾಗೆ ಎರಡಕ್ಕೂ ಅದೇ ಅಂತೆ.

ಗೌರಿಬಿದನೂರು ವೈರ್‌ಮನ್: ನಾಲ್ಕನ್ನೂ ಪವರ್‌ಗೇ ಕೊಡಿ, ಎರಡೆರಡು ಜೋಡಿಸಿ. ವೋಲ್ಟೇಜ್ ಡ್ರಾಪ್ ಅರ್ಧ ಆಗುತ್ತೆ. ಡೇಟಾಗೆ ಶೀಲ್ಡ್ ಇರೋ ಟ್ವಿಸ್ಟೆಡ್ ಪೇರ್ (ಹೊಸೆದ ಜೋಡಿ ವೈರ್) ಬೇರೆ ತರ್ಸಿ.

ನರಸಾಪುರ ಇನ್‌ಸ್ಟ್ರುಮೆಂಟ್: ಈ ಸಲ ಸರಿಯಾಗೇ ಹೇಳಿದ್ರಿ. ಆದ್ರೆ ಜೋಡಿಸೋದು ಜಂಕ್ಷನ್ ಬಾಕ್ಸ್‌ನಲ್ಲಿ, ಡಿಟೆಕ್ಟರ್ ಟರ್ಮಿನಲ್‌ಗೆ ಎರಡು ವೈರ್ ತುರುಕಬೇಡಿ.

ಗೌರಿಬಿದನೂರು ವೈರ್‌ಮನ್: ಅದನ್ನೂ ನೀವೇ ಹೇಳ್ಕೊಡ್ಬೇಕಾ ನಮಗೆ?